ಮಾತ್ರೆಯ ಡಬ್ಬಿ ಯಾರ ಕೈಯಲ್ಲಿ?

ಎರಡು ತಿಂಗಳ ಹಿಂದೆ ಅಮಾನತ್ ಕುರಿತ ಜುಮಾ ಖುತ್ಬಾದ ಸಾರಾಂಶವನ್ನು ನಾವು ಪ್ರಕಟಿಸಿದ್ದೆವು. ನಂಬಿ ಕೊಟ್ಟ ಹಣ, ಇಟ್ಟುಕೊಳ್ಳಲು ಕೊಟ್ಟ ಒಡವೆ, ಜಮೀನಿನ ಪತ್ರ, ಕಿವಿಯಲ್ಲಿ ಹೇಳಿದ ಗುಟ್ಟು, ಇವೆಲ್ಲವೂ ಅಮಾನತ್ ಎಂದು ಅದರಲ್ಲಿತ್ತು. ಅದನ್ನು ಓದಿದ ಗೋವಿನಕೋವಿಯ ಸಹೋದರರೊಬ್ಬರು ನಮ್ಮನ್ನು ಕೇಳಿದರು: "ನನ್ನ ತಾಯಿಯ ಮಾತ್ರೆಗಳು ಅಮಾನತ್ ಅಲ್ಲವೇ?"

ಅವರ ತಾಯಿಗೆ ಎಂಬತ್ತರ ಹತ್ತಿರ. ಬಿ.ಪಿ., ಸಕ್ಕರೆ ಕಾಯಿಲೆ ಎರಡೂ ಇವೆ, ಮರೆವು ಶುರುವಾಗಿದೆ. ಒಬ್ಬ ಮಗ ಸೌದಿಯಲ್ಲಿ, ಇನ್ನೊಬ್ಬರಾದ ಇವರು ಊರಿನಲ್ಲಿ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ನಗರದ ಒಂದು ಹಿರಿಯರ ಮನೆಗೆ ತಿಂಗಳ ಹಣ ಕಟ್ಟಿ ಸೇರಿಸಿದ್ದಾರೆ. ಯಾವಾಗ ಹೋದರೂ ತಾಯಿ ಮಂಪರಿನಲ್ಲಿ ಇರುತ್ತಾರೆ, ಮಗನ ಗುರುತು ಹಿಡಿಯಲು ಹೊತ್ತು ಬೇಕು. ಕೇಳಿದ್ದಕ್ಕೆ ಅಲ್ಲಿನವರು, "ರಾತ್ರಿ ಎದ್ದು ಕೂಗುತ್ತಾರೆ, ಬೇರೆಯವರಿಗೆ ನಿದ್ದೆ ಇಲ್ಲ. ಅದಕ್ಕೆ ಒಂದು ಮಾತ್ರೆ ಕೊಡುತ್ತೇವೆ" ಎಂದರು. ಯಾವ ಡಾಕ್ಟರು ಬರೆದದ್ದು ಎಂದರೆ ಉತ್ತರವಿಲ್ಲ. ಜಗಳ ಮಾಡಿದರೆ ತಾಯಿಯನ್ನು ಕರೆದುಕೊಂಡು ಹೋಗಿ ಎನ್ನುತ್ತಾರೆಂಬ ಭಯದಿಂದ ಸುಮ್ಮನೆ ಬಸ್ಸು ಹತ್ತಿ ಬಂದರಂತೆ.

ಇದಕ್ಕೆ ಒಂದೆರಡು ಸಾಲಿನಲ್ಲಿ ಉತ್ತರ ಬರೆದು ಮುಗಿಸಬಹುದಿತ್ತು. ಆದರೆ ಹುಡುಕುತ್ತಾ ಹೋದಂತೆ ಇದಕ್ಕೊಂದು ಉದ್ದನೆಯ ಚರಿತ್ರೆ ಇದೆ ಎಂದು ಕಂಡಿತು. ಔಷಧಿ ಕೊಟ್ಟ ವೈದ್ಯನ ಹೊಣೆಯನ್ನು ಜನ ಬಹಳ ಹಿಂದೆಯೇ ಗುರುತಿಸಿದ್ದರು. ಔಷಧಿ ಮಾರಿದ ಅಂಗಡಿಯವನ ಹೊಣೆಯನ್ನು ಕಾನೂನು ಕಳೆದ ಶತಮಾನದಲ್ಲಿ ಬರೆದಿಟ್ಟಿತು. ತನ್ನ ಸೂರಿನಡಿ ಇರಿಸಿಕೊಂಡವರ ಬಾಯಿಗೆ ದಿನಾ ಮಾತ್ರೆ ಹಾಕುವವನ ಹೊಣೆ ಮಾತ್ರ ಎಲ್ಲರಿಗಿಂತ ಕೊನೆಗೆ, ಅದೂ ಸಾವುಗಳಾದ ಮೇಲೆ, ಬರೆಯಲ್ಪಟ್ಟಿತು. ಇನ್ನೂ ಪೂರ್ತಿ ಬರೆದಾಗಿಲ್ಲ.

ವೈದ್ಯವಿದ್ಯೆ ಗೊತ್ತಿಲ್ಲದೆ ಚಿಕಿತ್ಸೆಗೆ ಕೈಹಾಕಿದವನು ಆಗುವ ಹಾನಿಗೆ ತಾನೇ ಹೊಣೆಗಾರ ಎಂಬ ಅರ್ಥದ ಪ್ರವಾದಿ(ಸ)ಯವರ ವಚನವೊಂದು ಅಬೂದಾವೂದ್, ನಸಾಈ, ಇಬ್ನುಮಾಜಃ ಸಂಗ್ರಹಗಳಲ್ಲಿದೆ. ಹದಿನಾಲ್ಕನೆಯ ಶತಮಾನದ ಇಬ್ನುಲ್ ಕಯ್ಯಿಮ್ ಇದನ್ನು ಬಿಡಿಸುತ್ತಾ ವೈದ್ಯರನ್ನು ಐದು ಬಗೆಯಾಗಿ ವಿಂಗಡಿಸಿ, ಯಾರ ಮೇಲೆ ಪರಿಹಾರದ ಹೊಣೆ ಬೀಳುತ್ತದೆ, ಯಾರ ಮೇಲೆ ಬೀಳುವುದಿಲ್ಲ ಎಂದು ಚರ್ಚಿಸಿದ್ದಾರೆ. ಈ ಚರ್ಚೆ ಮಸೀದಿಯ ಕಿತಾಬಿನಲ್ಲಿ ಮಾತ್ರ ಉಳಿದದ್ದಲ್ಲ, ಪೇಟೆಗೂ ಇಳಿದಿತ್ತು. ಪೇಟೆಯ ಮೇಲ್ವಿಚಾರಕನಾದ ಮುಹ್ತಸಿಬನು ತೂಕ, ಅಳತೆ, ಹಾಲು, ಬ್ರೆಡ್ಡು ನೋಡುವಂತೆ ಶರಬತ್ತು ಕಾಯಿಸುವವರನ್ನೂ ಔಷಧಿ ಅಂಗಡಿಗಳನ್ನೂ ನೋಡುತ್ತಿದ್ದ. ಹನ್ನೆರಡನೆಯ ಶತಮಾನದಲ್ಲಿ ಶೈಝರಿ ಬರೆದ ಕೈಪಿಡಿಯಲ್ಲಿ ಅಫೀಮಿಗೆ ಏನೇನು ಬೆರೆಸುತ್ತಾರೆ, ಅದನ್ನು ಹೇಗೆ ಪತ್ತೆ ಹಚ್ಚಬೇಕು ಎಂಬ ವಿವರಗಳಿವೆ. ಇಂದಿನ ಡ್ರಗ್ಸ್ ಇನ್ಸ್‌ಪೆಕ್ಟರನ ಕೆಲಸವೂ ಹೆಚ್ಚೂಕಡಿಮೆ ಇದೇ.

ಬಗ್ದಾದಿನ ಒಂದು ಪ್ರಸಂಗ ಹೇಳಲೇಬೇಕು. ಹಿಜರಿ 319, ಅಂದರೆ ಕ್ರಿ.ಶ. 931. ವೈದ್ಯನೊಬ್ಬನ ತಪ್ಪಿನಿಂದ ಸಾಮಾನ್ಯನೊಬ್ಬ ಸತ್ತನೆಂಬ ಸುದ್ದಿ ಖಲೀಫ ಮುಕ್ತದಿರನ ಕಿವಿಗೆ ಬಿತ್ತು. ಸಿನಾನ್ ಇಬ್ನ್ ಸಾಬಿತ್ ಪರೀಕ್ಷಿಸಿ ಒಪ್ಪಿಗೆ ಕೊಡದ ಹೊರತು ಯಾರೂ ವೈದ್ಯ ಮಾಡಕೂಡದು ಎಂದು ಅವನು ಮುಹ್ತಸಿಬನಿಗೆ ಆಜ್ಞೆ ಮಾಡಿದ. ಆಗಲೇ ಹೆಸರಾಗಿದ್ದವರನ್ನು ಬಿಟ್ಟು ಉಳಿದ 860ಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಬಂದರು. ಅವರಲ್ಲೊಬ್ಬ ಒಳ್ಳೆಯ ಉಡುಪಿನ, ಗಂಭೀರ ಮುಖದ ಮುದುಕ. ಸಿನಾನ್ ಗೌರವದಿಂದ ಕೂರಿಸಿ, ನಿಮ್ಮ ಗುರುಗಳು ಯಾರು ಎಂದು ವಿಚಾರಿಸಿದಾಗ ಮುದುಕ ಕಾಗದದಲ್ಲಿ ಸುತ್ತಿದ ಚಿನ್ನದ ನಾಣ್ಯಗಳನ್ನು ಮುಂದಿಟ್ಟ. ತನಗೆ ಓದುಬರಹ ಬಾರದು, ಹೆಂಡತಿ ಮಕ್ಕಳಿದ್ದಾರೆ, ಇದೇ ಹೊಟ್ಟೆಪಾಡು, ನಿಲ್ಲಿಸಬೇಡಿ ಎಂದು ಬೇಡಿಕೊಂಡ. ಸಿನಾನ್ ನಕ್ಕು, ಗೊತ್ತಿಲ್ಲದ ರೋಗಕ್ಕೆ ಕೈಹಾಕಬಾರದು, ಸಣ್ಣಪುಟ್ಟ ಕಾಯಿಲೆಗಲ್ಲದೆ ರಕ್ತ ತೆಗೆಯುವುದೂ ಭೇದಿಗೆ ಕೊಡುವುದೂ ಕೂಡದು ಎಂಬ ಷರತ್ತು ಹಾಕಿ ಬಿಟ್ಟ. ಮರುದಿನ ಒಬ್ಬ ಚುರುಕಾದ ಯುವಕ ಬಂದ. ಯಾರ ಬಳಿ ಕಲಿತೆ ಎಂದರೆ, ತನ್ನ ತಂದೆಯ ಬಳಿ ಎಂದ. ತಂದೆ ಯಾರು? ನಿನ್ನೆ ಬಂದಿದ್ದ ಅದೇ ಮುದುಕ! ಈ ಕತೆಯನ್ನು ಅಲ್‌-ಕಿಫ್ತಿ ತನ್ನ ವಿದ್ವಾಂಸರ ಚರಿತ್ರೆಯಲ್ಲಿ ಬರೆದಿದ್ದಾನೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಇಂಜೆಕ್ಷನ್ ಡಾಕ್ಟರುಗಳನ್ನು ಕಂಡವರಿಗೆ ಇದು ಹಳೆಯ ಕತೆ ಅನ್ನಿಸಲಾರದು.

ಆದರೆ ನಮ್ಮ ಪ್ರಶ್ನೆಗೆ ಹತ್ತಿರವಾದದ್ದು ಅದೇ ಸಿನಾನನ ಇನ್ನೊಂದು ಕೆಲಸ. ವಜೀರ ಅಲಿ ಇಬ್ನ್ ಈಸಾ ಅವನಿಗೊಂದು ಪತ್ರ ಬರೆದ. ಜೈಲಿನಲ್ಲಿರುವವರ ಸಂಖ್ಯೆ ದೊಡ್ಡದು, ಇರುವ ಜಾಗ ಕೆಟ್ಟದ್ದು, ಕಾಯಿಲೆ ಬಾರದಿರುವುದಿಲ್ಲ, ಆದರೆ ಅವರು ತಾವೇ ಹೊರಗೆ ಹೋಗಿ ವೈದ್ಯರನ್ನು ಕಾಣಲಾರರು. ಆದ್ದರಿಂದ ಪ್ರತಿದಿನ ವೈದ್ಯರು ಔಷಧಿ, ಕಷಾಯಗಳನ್ನು ಹೊತ್ತು ಎಲ್ಲ ಜೈಲುಗಳ ಒಳಗೆ ಹೋಗಬೇಕು ಎಂಬುದು ಅದರ ಸಾರಾಂಶ. ಮುಂದೆ ವೈದ್ಯರಿಲ್ಲದ ಹಳ್ಳಿಗಳಿಗೂ ಔಷಧಿಗಳ ಸಮೇತ ವೈದ್ಯರನ್ನು ಕಳಿಸಲು ಹೇಳಿದ. ವಜೀರನ ಈ ತರ್ಕವನ್ನು ಓದುಗರು ಗಮನಿಸಬೇಕು. ಬಾಗಿಲು ದಾಟಿ ಹೋಗಲಾರದವನಿಗೆ ಔಷಧಿ ತಲುಪಿಸುವುದು ಬಾಗಿಲು ಹಾಕಿದವನ ಕೆಲಸ. ಜೈಲಿಗೆ ಹೇಳಿದ ಈ ಮಾತು ಹಿರಿಯರ ಮನೆಗೂ ಸಲ್ಲುತ್ತದೆ, ಯತೀಮ್‌ಖಾನಾಕ್ಕೂ ಹಾಸ್ಟೆಲ್ಲಿಗೂ ಸಲ್ಲುತ್ತದೆ.

ಅಲ್ಲಿಂದ ಮೂರೂವರೆ ಶತಮಾನ ಮುಂದೆ ಕೈರೋಗೆ ಬಂದರೆ ಈ ಮಾತು ಒಂದು ಹುದ್ದೆಯಾಗಿಯೇ ಕಾಣುತ್ತದೆ. 1284ರಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಮನ್ಸೂರಿ ಆಸ್ಪತ್ರೆಗೆ ವಕ್ಫ್ ಪತ್ರವಿತ್ತು. ರೋಗಿಗಳ ಹಾಸಿಗೆ, ಊಟ, ಬೀಸಣಿಗೆಯಿಂದ ಹಿಡಿದು ತೀರಿಕೊಂಡವರ ಕಫನಿನವರೆಗೆ ಅದರಲ್ಲಿ ಖರ್ಚು ಬರೆದಿದೆ. ಔಷಧಿಯ ವಿಷಯದಲ್ಲಿ ಪ್ರಾಮಾಣಿಕರೆಂದು ಹೆಸರಾದ ಇಬ್ಬರನ್ನು ನೇಮಿಸಬೇಕೆಂದು ಅದು ಹೇಳುತ್ತದೆ. ಒಬ್ಬ ಉಗ್ರಾಣ ಕಾಯಬೇಕು. ಇನ್ನೊಬ್ಬ ಬೆಳಿಗ್ಗೆ ಮತ್ತು ಸಂಜೆ ರೋಗಿಗಳ ಔಷಧಿಯ ಬಟ್ಟಲುಗಳನ್ನು ಪಡೆದು ಅವರವರಿಗೆ ಹಂಚಬೇಕು, ಯಾರಿಗೆ ಏನು ಬರೆದಿದೆಯೋ ಅದನ್ನೇ ಅವರು ಕುಡಿದದ್ದನ್ನು ಎದುರಿಗೆ ನಿಂತು ನೋಡಬೇಕು. ಏಳುನೂರು ವರ್ಷಗಳ ಹಿಂದಿನ ವಕ್ಫ್ ಪತ್ರದಲ್ಲಿ ಈ ಎರಡನೆಯ ಮನುಷ್ಯನಿಗೆ ಒಂದು ಸ್ಥಾನವಿತ್ತು, ಸಂಬಳವಿತ್ತು. ಗೋವಿನಕೋವಿಯ ಸಹೋದರರು ನಗರದ ಆ ಮನೆಯಲ್ಲಿ ಹುಡುಕಿದ್ದು ಇವನನ್ನೇ.

ಇನ್ನು ನಮ್ಮ ದೇಶದ ಕಾನೂನಿಗೆ ಬರೋಣ. ಇಲ್ಲಿ ಚರಿತ್ರೆ ಅಂಗಡಿಯಿಂದ ಶುರುವಾಗುತ್ತದೆ. 1860ರ ಭಾರತೀಯ ದಂಡ ಸಂಹಿತೆ ಔಷಧಿಗೆ ಕಲಬೆರಕೆ ಮಾಡುವುದನ್ನು, ಕಲಬೆರಕೆ ಔಷಧಿ ಮಾರುವುದನ್ನು, ಒಂದು ಔಷಧಿಯನ್ನು ಇನ್ನೊಂದೆಂದು ಹೇಳಿ ಕೊಡುವುದನ್ನು 274ರಿಂದ 276ರವರೆಗಿನ ಕಲಮುಗಳಲ್ಲಿ ಅಪರಾಧ ಎಂದಿತು. ಆದರೆ ಪರೀಕ್ಷಿಸುವವರೇ ಇಲ್ಲದ ಮೇಲೆ ಕಲಮು ಏನು ಮಾಡೀತು? ಮೊದಲ ಮಹಾಯುದ್ಧದ ನಂತರ ಕ್ವಿನೈನ್ ಎಂದು ಹೇಳಿ ಹಿಟ್ಟು ಮಾರುವ ಮಟ್ಟಕ್ಕೆ ಪೇಟೆ ಇಳಿದಿತ್ತು. 1930ರಲ್ಲಿ ಕರ್ನಲ್ ಆರ್.ಎನ್. ಚೋಪ್ರಾ ಅವರ ಸಮಿತಿ ನೇಮಕವಾಯಿತು, ಮರುವರ್ಷ ವರದಿ ಬಂತು. ವರದಿ ಕಾನೂನಾಗಲು ಒಂಬತ್ತು ವರ್ಷ ಹಿಡಿಯಿತು. ಔಷಧ ಕಾಯ್ದೆ 1940ರದು, ಅದರ ನಿಯಮಗಳು 1945ರವು, ಫಾರ್ಮಸಿ ಕಾಯ್ದೆ 1948ರದು. ಇವು ಮೊದಲಿಗೆ ನಮ್ಮೂರಿಗೆ ಸಂಬಂಧಿಸಿದ್ದಲ್ಲ, ಏಕೆಂದರೆ ಹೊನ್ನಾಳಿ ಸೀಮೆ ಮೈಸೂರು ಸಂಸ್ಥಾನದಲ್ಲಿತ್ತು. 1951ರಲ್ಲಿ ಕೇಂದ್ರದ ಹಲವು ಕಾಯ್ದೆಗಳನ್ನು ಹಿಂದಿನ ಸಂಸ್ಥಾನಗಳಿಗೆ ವಿಸ್ತರಿಸಿದಾಗ ಔಷಧ ಕಾಯ್ದೆಯೂ ಮೈಸೂರಿಗೆ ಬಂತು. ಆಗ ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ.

ಈ ಕಾಯ್ದೆಯ 18ನೆಯ ಕಲಮು ನಮ್ಮ ಓದುಗರಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಒಂದು ಮಾತು ಹೇಳುತ್ತದೆ. ಲೈಸೆನ್ಸ್ ಇಲ್ಲದೆ ಔಷಧಿ ಮಾರುವುದು ಮಾತ್ರ ತಪ್ಪಲ್ಲ, ಹಂಚುವುದೂ ತಪ್ಪು. ಮನೆಯಲ್ಲಿ ಹಿರಿಯರು ತೀರಿಕೊಂಡ ಮೇಲೆ ಉಳಿದ ಮಾತ್ರೆಗಳನ್ನು ಚೀಲದಲ್ಲಿ ತಂದು ಮಸೀದಿಯ ಕಟ್ಟೆಯ ಮೇಲಿಟ್ಟು, ಬಡವರಿಗೋ ಆಶ್ರಮಕ್ಕೋ ಕೊಟ್ಟುಬಿಡಿ ಎನ್ನುವುದನ್ನು ನಾವೇ ಎಷ್ಟೋ ಸಲ ಕಂಡಿದ್ದೇವೆ. ಸವಾಬಿನ ಆಸೆಯಿಂದಲೇ ತರುತ್ತಾರೆ, ಅನುಮಾನವಿಲ್ಲ. ಅರ್ಧ ಕತ್ತರಿಸಿದ ಸ್ಟ್ರಿಪ್ಪಿನಲ್ಲಿ ಹೆಸರಿದ್ದರೆ ತಾರೀಖು ಇರುವುದಿಲ್ಲ, ತಾರೀಖು ಇದ್ದರೆ ಹೆಸರು ಹರಿದಿರುತ್ತದೆ. ಸತ್ತವರ ಅಂಗಿಯನ್ನು ಇನ್ನೊಬ್ಬರಿಗೆ ಕೊಡಬಹುದು, ಸತ್ತವರ ಹೃದಯದ ಮಾತ್ರೆಯನ್ನು ಕೊಡಲಾಗದು. ಜಮಾತಿನ ಮುತವಲ್ಲಿಗಳು ಇಂಥ ಚೀಲಗಳನ್ನು ಒಪ್ಪಿಕೊಳ್ಳಲೇಬಾರದೆಂಬುದು ನಮ್ಮ ಅಭಿಪ್ರಾಯ. ಬಡವರಿಗೆ ಔಷಧಿ ಕೊಡಿಸುವ ಮನಸ್ಸಿದ್ದರೆ ಅವರ ಡಾಕ್ಟರ ಚೀಟಿಯ ಬಿಲ್ಲನ್ನು ಮೆಡಿಕಲ್ ಸ್ಟೋರಿನಲ್ಲಿ ಕಟ್ಟಬಹುದಲ್ಲ.

ನಿಯಮಗಳ ಕೊನೆಯಲ್ಲಿರುವ ಶೆಡ್ಯೂಲ್ ಕೆ ಎಂಬ ಪಟ್ಟಿ ಕೆಲವು ವಿನಾಯಿತಿಗಳನ್ನು ಕೊಡುತ್ತದೆ. ತನ್ನ ರೋಗಿಗೆ ತಾನೇ ಔಷಧಿ ಕೊಡುವ ನೋಂದಾಯಿತ ವೈದ್ಯನಿಗೆ ಅಂಗಡಿಯ ಲೈಸೆನ್ಸ್ ಬೇಡ. ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಆಸ್ಪತ್ರೆಗೂ ಷರತ್ತುಗಳ ಮೇಲೆ ಬೇಡ. ಇನ್ನೊಂದು ವಿನಾಯಿತಿ ಹಳ್ಳಿಗಳಿಗೆ ಸಂಬಂಧಿಸಿದ್ದು. ಸಾವಿರಕ್ಕಿಂತ ಹೆಚ್ಚು ಜನರಿಲ್ಲದ ಊರಿನಲ್ಲಿ ಪ್ಯಾರಾಸಿಟಮಾಲ್, ನೋವಿನ ಮುಲಾಮು, ಗ್ರೈಪ್ ವಾಟರ್, ಹರಳೆಣ್ಣೆಯಂಥ ಮನೆಮದ್ದುಗಳನ್ನು ಒಡೆಯದ ಪ್ಯಾಕಿನಲ್ಲಿ ಕಿರಾಣಿ ಅಂಗಡಿಯವರೂ ಮಾರಬಹುದು. ಹೋಬಳಿಯ ಸಣ್ಣ ಹಳ್ಳಿಗಳಿಗೆ ಇದು ಸಲ್ಲುತ್ತದೆ, ಗೋವಿನಕೋವಿಯಂಥ ದೊಡ್ಡ ಊರಿಗೆ ಸಲ್ಲುವುದಿಲ್ಲ. ಈ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರೂ ವೃದ್ಧಾಶ್ರಮ ಎಂಬ ಪದ ಸಿಗದು. ಅಂದರೆ ಆಶ್ರಮದವರು ಚೀಟಿಯ ಮೇಲೆ ಕೊಡುವ ಮಾತ್ರೆಗಳನ್ನು ರಾಶಿಯಾಗಿ ತಂದು ಕಪಾಟಿನಲ್ಲಿ ತುಂಬಿಟ್ಟು, ಬೇಕಾದವರಿಗೆ ಬೇಕಾದಷ್ಟು ಕೊಡುವಂತಿಲ್ಲ. ಒಬ್ಬೊಬ್ಬರ ಚೀಟಿಗೆ ಒಬ್ಬೊಬ್ಬರ ಹೆಸರಿನಲ್ಲಿ ತರಿಸಿ, ಅವರದನ್ನು ಅವರಿಗೇ ಕೊಡಬೇಕು. ಮನೆಯಲ್ಲಿ ಮಗಳು ತಾಯಿಗೆ ಮಾಡುವ ಕೆಲಸವನ್ನೇ ಇವರು ಮಗಳ ಪರವಾಗಿ ಮಾಡುತ್ತಾರೆ, ಅಷ್ಟೇ.

ನಿದ್ದೆಯ ಮಾತ್ರೆಗಳ ಮೇಲಂತೂ ಕಾನೂನು ಇತ್ತೀಚೆಗೆ ಇನ್ನೂ ಒಂದು ಕಣ್ಣಿಟ್ಟಿದೆ. 2013ರಲ್ಲಿ ಶೆಡ್ಯೂಲ್ ಎಚ್1 ಎಂಬ ಹೊಸ ಪಟ್ಟಿ ಬಂತು, 2014ರ ಮಾರ್ಚ್ 1ರಿಂದ ಜಾರಿಯಾಯಿತು. ಕೆಲವು ಆಂಟಿಬಯೋಟಿಕ್‌ಗಳು, ಕ್ಷಯದ ಔಷಧಿಗಳ ಜೊತೆಗೆ ಆಲ್‌ಪ್ರಝೋಲಾಮ್, ಡಯಾಜೆಪಾಮ್‌ನಂಥ ಮಾತ್ರೆಗಳು ಅದರಲ್ಲಿವೆ. ಇವನ್ನು ಮಾರುವಾಗ ಅಂಗಡಿಯವರು ಬರೆದ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಮಾತ್ರೆಯ ಹೆಸರು, ಎಷ್ಟು ಕೊಟ್ಟರು ಎಂಬುದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಗೋವಿನಕೋವಿಯ ಸಹೋದರರಿಗೆ ನಾವು ಮೊದಲು ಹೇಳಿದ್ದು ಇದನ್ನೇ. ನಿಮ್ಮ ತಾಯಿಗೆ ಕೊಟ್ಟದ್ದು ಆ ಪಟ್ಟಿಯ ಮಾತ್ರೆಯಾಗಿದ್ದರೆ ಯಾವುದೋ ಅಂಗಡಿಯ ರಿಜಿಸ್ಟರಿನಲ್ಲಿ ನಿಮ್ಮ ತಾಯಿಯ ಹೆಸರು ಇರಬೇಕು. ಇಲ್ಲದಿದ್ದರೆ ಇನ್ನಾರದೋ ಹೆಸರಿನ ಮಾತ್ರೆ ನಿಮ್ಮ ತಾಯಿಯ ಹೊಟ್ಟೆಗೆ ಹೋಗುತ್ತಿದೆ, ಅಥವಾ ಯಾರ ಹೆಸರೂ ಇಲ್ಲದೆ ಬಂದಿದೆ.

ಹೀಗೆ ಅಂಗಡಿಯ ಬಾಗಿಲವರೆಗೆ ಕಾನೂನು ಬಿಗಿಯಾಗಿದೆ. ಬಾಗಿಲು ದಾಟಿದ ಮೇಲೆ? 1986ರ ಆರಂಭದಲ್ಲಿ ಬೊಂಬಾಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಕಲಬೆರಕೆಯ ಗ್ಲಿಸರಿನ್ ಕೊಟ್ಟ 14 ರೋಗಿಗಳು ಸತ್ತರು. ನ್ಯಾಯಮೂರ್ತಿ ಲೆಂಟಿನ್ ಆಯೋಗ ತಯಾರಕನಿಂದ ಹಿಡಿದು ಖರೀದಿ ಮಾಡಿದ ಕಚೇರಿ, ಮಂತ್ರಿಗಳವರೆಗೆ ಬೆರಳು ತೋರಿಸಿತು. ಮಂಚದ ಮೇಲೆ ಮಲಗಿದವನು ಕೊಟ್ಟದ್ದನ್ನು ಕುಡಿಯುತ್ತಾನೆ, ಅವನಿಗೆ ಬೇರೆ ದಾರಿಯಿಲ್ಲ. ಅಲ್ಲಿ ವೈದ್ಯರು, ನರ್ಸುಗಳು, ಫಾರ್ಮಸಿಸ್ಟರು ಎಲ್ಲರೂ ಇದ್ದರು. ಯಾರೂ ಇಲ್ಲದ ಜಾಗದಲ್ಲಿ ಏನಾಗುತ್ತದೆಂದು ದೇಶಕ್ಕೆ ತೋರಿಸಿದ್ದು ಏರ್ವಾಡಿ.

ಈ ಹೆಸರು ಬರೆಯುವಾಗ ನಮ್ಮ ಕೈ ಸ್ವಲ್ಪ ತಡೆಯುತ್ತದೆ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿ ದರ್ಗಾಕ್ಕೆ ಎಲ್ಲ ಧರ್ಮದವರೂ ಮಾನಸಿಕ ಕಾಯಿಲೆಯವರನ್ನು ಕರೆದುಕೊಂಡು ಹೋಗುತ್ತಿದ್ದರು, ಕರ್ನಾಟಕದಿಂದಲೂ ಹೋಗುತ್ತಿದ್ದರು. ದರ್ಗಾದ ಸುತ್ತ ಖಾಸಗಿಯವರ ವಸತಿಗಳು ಬೆಳೆದಿದ್ದವು. ಮನೆಯವರು ಹಣ ಕೊಟ್ಟು ಬಿಟ್ಟುಹೋಗುತ್ತಿದ್ದರು, ಓಡಿಹೋಗದಂತೆ ಸರಪಳಿ ಹಾಕುತ್ತಿದ್ದರು. 2001ರ ಆಗಸ್ಟ್ 6ರ ಬೆಳಗಿನ ಜಾವ ಒಂದು ಗರಿಯ ಚಪ್ಪರಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಏಳಲಾಗಲಿಲ್ಲ. 28 ಮಂದಿ ಸತ್ತರು.

ಬೆಂಕಿಯ ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ಬಂತು, ಸರಪಳಿಯ ಚಿತ್ರವೂ ಬಂತು. ಅಷ್ಟು ಚರ್ಚೆಯಾಗದ ಒಂದು ಸಂಗತಿಯೆಂದರೆ ಅಲ್ಲಿ ಔಷಧಿ ಕೊಡುವ ವ್ಯವಸ್ಥೆಯೇ ಇರಲಿಲ್ಲ ಎಂಬುದು. ಸರಪಳಿ ಔಷಧಿಯ ಜಾಗದಲ್ಲಿ ಕೂತಿತ್ತು. ದರ್ಗಾದಲ್ಲಿ ದುಆ ಕೇಳಲು ಬಂದವರದು ತಪ್ಪಲ್ಲ. ಇರಿಸಿಕೊಂಡು ಹಣ ಪಡೆದವರು ಅದನ್ನೇ ಆಸ್ಪತ್ರೆಯೆಂಬಂತೆ ನಡೆಸಿದ್ದು ತಪ್ಪು, ಬಿಟ್ಟುಹೋದ ಮನೆಯವರು ತಿರುಗಿ ನೋಡದಿದ್ದುದು ಇನ್ನೂ ದೊಡ್ಡ ತಪ್ಪು. ಸುಪ್ರೀಂ ಕೋರ್ಟ್ ತಾನೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಮಾನಸಿಕ ಕಾಯಿಲೆಯವರನ್ನು ಇರಿಸಿಕೊಂಡಿರುವ ಎಲ್ಲ ಜಾಗಗಳನ್ನೂ, ನೋಂದಣಿ ಇರಲಿ ಇಲ್ಲದಿರಲಿ, ಜಿಲ್ಲೆವಾರು ಎಣಿಸಬೇಕು, ಸರಪಳಿ ಹಾಕುವುದು ಕಾನೂನುಬಾಹಿರವೆಂದೂ ರೋಗಿಗಳನ್ನು ದೇವಸ್ಥಾನ, ದರ್ಗಾಗಳ ಬದಲು ವೈದ್ಯರ ಬಳಿ ಕರೆದೊಯ್ಯಬೇಕೆಂದೂ ಹಳ್ಳಿಹಳ್ಳಿಗೆ ತಿಳಿಸಬೇಕು ಎಂದು 2002ರಲ್ಲಿ ಎಲ್ಲ ರಾಜ್ಯಗಳಿಗೆ ಹೇಳಿತು.

ಗುಜರಾತಿನವರು ಇದನ್ನು ಬೇರೆ ರೀತಿಯಲ್ಲಿ ಅರ್ಥ ಮಾಡಿಕೊಂಡರು, ನಮಗೆ ಅದು ಹಿಡಿಸಿತು. ಮೆಹ್ಸಾಣಾ ಜಿಲ್ಲೆಯ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ 'ದವಾ ಔರ್ ದುಆ' ಎಂಬ ಕಾರ್ಯಕ್ರಮ ನಡೆಯಿತು. ಮುಜಾವರರಿಗೆ ಕಾಯಿಲೆಯ ಲಕ್ಷಣ ಗುರುತಿಸಲು ಕಲಿಸಿದರು. ಅವರು ದುಆ ಮಾಡಿ, ಅಲ್ಲೇ ಇರುವ ಮನೋವೈದ್ಯರ ಬಳಿ ಕಳಿಸುತ್ತಾರೆ. ಮುಜಾವರರ ಮಾತನ್ನು ಕೇಳುವ ಜನ ಅವರ ಮಾತಿನ ಮೇಲೆಯೇ ಮಾತ್ರೆಯನ್ನೂ ನುಂಗುತ್ತಾರೆ.

ಏರ್ವಾಡಿಯ ನಂತರ ಹದಿನಾರು ವರ್ಷಕ್ಕೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ಬಂತು, 2018ರ ಮೇ 29ರಿಂದ ಜಾರಿಯಾಯಿತು. ಇಲ್ಲಿಯೇ ಮೊದಲ ಬಾರಿಗೆ ನಾವು ಹುಡುಕುತ್ತಿದ್ದ ಮನುಷ್ಯನ ಹೊಣೆ ಸ್ಪಷ್ಟವಾಗಿ ಕಾಣುತ್ತದೆ. ಮಾನಸಿಕ ಕಾಯಿಲೆಯವರನ್ನು ಆರೈಕೆಗೆಂದು ಇರಿಸಿಕೊಳ್ಳುವ ಯಾವುದೇ ಜಾಗ, ಅಲೋಪತಿಯಾಗಲಿ, ಆಯುರ್ವೇದ, ಯುನಾನಿಯಾಗಲಿ, ನೋಂದಣಿ ಮಾಡಿಸಲೇಬೇಕು. ಸಂಬಂಧಿಕರ ಅಥವಾ ಸ್ನೇಹಿತರ ಜೊತೆ ಇರುವ ಮನೆಗೆ ಮಾತ್ರ ಇದು ಅನ್ವಯಿಸುವುದಿಲ್ಲ. ನೋಂದಣಿಯಿಲ್ಲದೆ ನಡೆಸಿದರೆ ಮೊದಲ ಸಲವೇ 5,000ದಿಂದ 50,000 ರೂಪಾಯಿವರೆಗೆ ದಂಡ. 95ನೆಯ ಕಲಮು ಯಾವ ರೂಪದಲ್ಲೂ ಸರಪಳಿ ಹಾಕಕೂಡದು ಎನ್ನುತ್ತದೆ. ತಾನಾಗಿ ಬಂದು ಸೇರಿದವರಿಗೆ ಅವರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಚಿಕಿತ್ಸೆ ಕೊಡಕೂಡದು ಎಂದೂ ಕಾಯ್ದೆಯಲ್ಲಿದೆ. ಅನ್ನದಲ್ಲಿ, ಚಹಾದಲ್ಲಿ ಗುಟ್ಟಾಗಿ ಪುಡಿ ಬೆರೆಸಿ ಕೊಡುವ ಅಭ್ಯಾಸ ಎಷ್ಟೋ ಕಡೆ ಇದೆ. ಒಳ್ಳೆಯದಕ್ಕೇ ಮಾಡುತ್ತೇವೆ ಎನ್ನುವವರು ಈ ಮಾತನ್ನು ಓದಿಕೊಳ್ಳಬೇಕು.

ಮಕ್ಕಳ ಮನೆಗಳ ವಿಷಯವನ್ನು ಚಿಕ್ಕದಾಗಿ ಹೇಳುತ್ತೇವೆ, ಅಲ್ಲಿ ಕಾನೂನು ಹೆಚ್ಚು ಗಟ್ಟಿಯಾಗಿದೆ. ಯತೀಮ್‌ಖಾನಾಗಳು ಮೊದಲು 1960ರ ಅನಾಥಾಲಯಗಳ ಕಾಯ್ದೆಯಡಿ ಇದ್ದವು. ಬಾಲನ್ಯಾಯ ಕಾಯ್ದೆ 2015 ಬಂದ ಮೇಲೆ ಆರೈಕೆ ಬೇಕಾದ ಮಕ್ಕಳನ್ನು ಇರಿಸಿಕೊಳ್ಳುವ ಎಲ್ಲ ಸಂಸ್ಥೆಗಳೂ ಅದರಡಿ ನೋಂದಣಿಯಾಗಬೇಕು. ತಪ್ಪಿದರೆ ಒಂದು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ. ಒಂದೊಂದು ಮಗುವಿಗೂ ಪ್ರತ್ಯೇಕ ಆರೋಗ್ಯ ದಾಖಲೆ ಇಡಬೇಕೆಂದು 2016ರ ಮಾದರಿ ನಿಯಮಗಳು ಹೇಳುತ್ತವೆ.

ನೋವಿನ ಔಷಧಿಯದು ಇನ್ನೊಂದು ವಿಚಿತ್ರ ಚರಿತ್ರೆ, ಅಲ್ಲಿ ಕಾನೂನು ಹೆಚ್ಚಾಗಿ ತೊಂದರೆಯಾಯಿತು. 1985ರ ಮಾದಕ ವಸ್ತುಗಳ ಕಾಯ್ದೆಗೆ ಹೆದರಿ ಆಸ್ಪತ್ರೆಗಳು, ಅಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು, ಕ್ಯಾನ್ಸರ್ ರೋಗಿಗಳು ನರಳಿದರು. 2014ರ ತಿದ್ದುಪಡಿ ಹಲವು ಲೈಸೆನ್ಸುಗಳ ಬದಲು, ಮಾನ್ಯತೆ ಪಡೆದ ಚಿಕಿತ್ಸಾ ಸಂಸ್ಥೆ ಎಂಬ ಒಂದೇ ದಾರಿ ಮಾಡಿತು. ಕಡೆಯ ದಿನಗಳ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದಂಥ ಜಾಗಗಳಿಗೆ ಈ ಔಷಧಿ ಎಷ್ಟು ಮುಖ್ಯ ಎಂಬುದು ಅಲ್ಲಿಗೆ ಹೋಗಿ ಬಂದ ಕುಟುಂಬಗಳಿಗೆ ಗೊತ್ತು. ಬೀಗ ಹಾಕಿದ ಕಪಾಟು, ತಪ್ಪದೆ ಬರೆಯುವ ಲೆಕ್ಕ ಇದ್ದರೆ ಅತಿ ಅಪಾಯದ ಔಷಧಿಯನ್ನೂ ಆಶ್ರಯ ಮನೆಯಲ್ಲಿ ಇಡಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಹಾಗಾದರೆ ಬರೀ ವೃದ್ಧಾಶ್ರಮಕ್ಕೆ? ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಕಾಯ್ದೆ 2007ರದು. ಪ್ರತಿ ಜಿಲ್ಲೆಯಲ್ಲಿ ಕಡಿಮೆಯೆಂದರೆ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ಒಂದು ಮನೆ ಎಂದು ಅದರಲ್ಲಿದೆ. ಆ ಮನೆಯೊಳಗೆ ಮಾತ್ರೆಯ ಡಬ್ಬಿ ಯಾರ ಕೈಯಲ್ಲಿರಬೇಕು ಎಂಬುದಿಲ್ಲ. 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆ ಖಾಸಗಿ ಹಿರಿಯರ ಮನೆಗಳ ನೋಂದಣಿ, ಕನಿಷ್ಠ ಗುಣಮಟ್ಟ, ಮನೆಗೆ ಬಂದು ಆರೈಕೆ ಮಾಡುವವರ ನಿಯಮಗಳನ್ನು ತರಬೇಕೆಂದಿತ್ತು. ಅದು ಕಾಯ್ದೆಯಾಗದೆ ಆ ಲೋಕಸಭೆಯ ಜೊತೆಗೇ ಮುಗಿಯಿತು.

ಕಾಯ್ದೆಯಲ್ಲಿ ಬರೆದಿಲ್ಲವೆಂದರೆ ಹೊಣೆಯಿಲ್ಲ ಎಂದಲ್ಲ. ಅಜಾಗರೂಕತೆಯಿಂದ ಸಾವಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಇದೆ, ಐದು ವರ್ಷದವರೆಗೆ ಸಜೆ. ಕೆಟ್ಟ ಉದ್ದೇಶದಿಂದ ಮತ್ತು ಬರಿಸುವ ಔಷಧಿ ಕೊಟ್ಟರೆ 123ನೆಯ ಕಲಮು ಇದೆ. ನಾವು ಫೀಸಬೀಲಿಲ್ಲಾಹ್ ಮಾಡುತ್ತಿದ್ದೇವೆ, ನಮ್ಮನ್ನೇಕೆ ಕೇಳುತ್ತೀರಿ ಎನ್ನುವವರಿದ್ದಾರೆ. 1995ರ ವಿ.ಪಿ. ಶಾಂತಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಕಡೆ ಗ್ರಾಹಕ ಕಾನೂನು ಬರುವುದಿಲ್ಲ ಎಂದಿತು, ನಿಜ. ಆದರೆ ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಕೊಡುವಲ್ಲಿ ಉಚಿತದವರಿಗೂ ಅದೇ ಹಕ್ಕಿದೆ ಎಂದೂ ಹೇಳಿತು. ಕ್ರಿಮಿನಲ್ ಕಲಮುಗಳಂತೂ ರಸೀದಿ ನೋಡುವುದಿಲ್ಲ. ಫಿಕ್ಹ್‌ನಲ್ಲೂ ಅಮಾನತ್ ಇಟ್ಟುಕೊಂಡವನು ಸಂಬಳವಿಲ್ಲದೆ ಇಟ್ಟುಕೊಂಡಿದ್ದರೂ ತನ್ನ ಅಜಾಗ್ರತೆಯಿಂದ ಹಾಳಾದರೆ ತುಂಬಿಕೊಡಲೇಬೇಕು.

ಬೆರಳು ಅವರ ಕಡೆ ಮಾತ್ರ ತೋರಿಸಿದರೆ ನ್ಯಾಯವಾಗದು. ಅದೇ 2007ರ ಕಾಯ್ದೆಯ 24ನೆಯ ಕಲಮು, ಹಿರಿಯರನ್ನು ಪೂರ್ತಿ ತ್ಯಜಿಸುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಬಂದವರಿಗೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ ಹೇಳುತ್ತದೆ. ತಿಂಗಳ ಹಣ ಕಳಿಸಿ ಮೂರು ವರ್ಷ ಮುಖ ನೋಡದ ಮಕ್ಕಳನ್ನು ನಾವು ಬಲ್ಲೆವು, ಓದುಗರೂ ಬಲ್ಲರು.

ಗೋವಿನಕೋವಿಯ ಸಹೋದರರಿಗೆ ನಾವು ಮೂರು ಕಾಗದ ಕೇಳಲು ಹೇಳಿದೆವು: ಡಾಕ್ಟರ ಚೀಟಿ, ಅಂಗಡಿಯ ಬಿಲ್ಲು, ಯಾವ ಹೊತ್ತಿಗೆ ಯಾವ ಮಾತ್ರೆ ಯಾರು ಕೊಟ್ಟರು ಎಂದು ಬರೆದ ಪುಸ್ತಕ. ಕೊಡದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ, ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ಅರ್ಜಿ ಕೊಡಿ ಎಂದೆವು. ಕಳೆದ ಜುಮಾದ ನಂತರ ಅವರು ಮತ್ತೆ ಮಾತಾಡಿದರು. ಚೀಟಿಯೂ ಇರಲಿಲ್ಲ, ಬಿಲ್ಲೂ ಇರಲಿಲ್ಲವಂತೆ. ಇವರು ಗಟ್ಟಿಯಾಗಿ ಕೂತ ಮೇಲೆ ಒಬ್ಬ ಡಾಕ್ಟರನ್ನು ಕರೆಸಿದರು. ಅವರು ಆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಬೇಡ ಎಂದು ಅರ್ಧಕ್ಕೆ ಇಳಿಸಿ, ಆಮೇಲೆ ಬಿಡಿಸುವುದಾಗಿ ಬರೆದುಕೊಟ್ಟರು. ತಾಯಿ ರಾತ್ರಿ ಈಗಲೂ ಕೂಗುತ್ತಾರೆ, ಆದರೆ ಹಗಲು ಮಗನ ಹೆಸರು ಹಿಡಿದು ಕರೆದರು. ಪುಸ್ತಕಕ್ಕೆ ಒಂದು ಶಾಲೆಯ ನೋಟುಬುಕ್ಕು ತಂದು ಗೆರೆ ಎಳೆದಿದ್ದಾರೆ. ಮೊದಲ ಮೂರು ದಿನ ಬೆಳಿಗ್ಗೆ, ರಾತ್ರಿ ಎರಡೂ ಕಡೆ ಆಯಾ ಸಹಿ ಮಾಡಿದ್ದಾರೆ, ನಾಲ್ಕನೆಯ ದಿನದ ರಾತ್ರಿಯ ಮನೆ ಖಾಲಿ ಇತ್ತು. ಅದರ ಬಗ್ಗೆ ಕೇಳಲು ಅವರು ಬರುವ ಭಾನುವಾರ ಮತ್ತೆ ಬಸ್ಸು ಹತ್ತುತ್ತಾರಂತೆ.